ಕುರ್ಚಿ ಖಾಲಿ ಬಿಡುವಂತಿಲ್ಲ

ಜೂನ್ ೩

ಅಣ್ಣ,

ಕ್ಷೇಮ ಎಂದು ಬರೆದು ಕಾಗದ ಶುರು ಮಾಡುವುದು ಪದ್ಧತಿ. ಅಮ್ಮ ಕ್ಷೇಮವೋ ಅಲ್ಲವೋ ಎನ್ನುವುದೇ ನಮ್ಮಿಬ್ಬರ ಜಗಳವಾಗಿರುವುದರಿಂದ ಅದನ್ನು ಬಿಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ. ನೀನೂ ಹಾಗೇ ಇರಬೇಕು.

ಭಾನುವಾರ ನೀನು ಫೋನಿನಲ್ಲಿ ಕೂಗಾಡಿದಾಗ ನಾನು ಸುಮ್ಮನಿದ್ದದ್ದು ಸಿಟ್ಟಿನಿಂದಲ್ಲ. ನಿನ್ನ ಹಿಂದೆ ಫೋನಿಗಾಗಿ ಸಾಲು ನಿಂತವರ ಕೆಮ್ಮು ಕೇಳಿಸುತ್ತಿತ್ತು. ಅಷ್ಟು ಜನರ ಎದುರು ಅಮ್ಮನ ವಿಷಯ ಹೇಳಲು ಬಾಯಿ ಬರಲಿಲ್ಲ. ನಿಮ್ಮ ಸುರಂಗದ ಕ್ಯಾಂಪಿಗೆ ಕಾಗದ ತಲುಪಲು ವಾರ ಹಿಡಿದರೂ ಹಿಡಿಯಲಿ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಅಮ್ಮನನ್ನು ಕಳೆದ ಸೋಮವಾರ ಮರೆಗುಳಿತನದವರ ಆರೈಕೆ ಮನೆಗೆ ಸೇರಿಸಿದೆ. ಗ್ಯಾಸ್ ಹಚ್ಚಿ, ಅದರ ಮೇಲೆ ಏನೂ ಇಡದೆ, ಬಾಗಿಲು ತೆರೆದಿಟ್ಟು ಹೊರಟುಹೋಗಿದ್ದಳು. ಅದು ಮೊದಲ ಸಲವೇನಲ್ಲ. ಆಮೇಲೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಅವಳನ್ನು ಕರೆದುಕೊಂಡು ಹೋಗತೊಡಗಿದೆ. ಮಾಲೀಕರು ಒಳ್ಳೆಯವರು, ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಟ್ಟರು. ಜನ್ಮವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ಸುಮ್ಮನೆ ಕೂರುತ್ತಾಳೆಯೇ? ಬಂದ ಗಿರಾಕಿಗಳಿಗೆಲ್ಲ "ಎಂಗೇಜ್ ಇದೆ, ಆಮೇಲೆ ಪ್ರಯತ್ನಿಸಿ" ಎಂದು ಹೇಳಿ ಕಳಿಸಿಬಿಡುತ್ತಿದ್ದಳು. ಮಾಲೀಕರು ನಕ್ಕರು. ಮೂರನೆಯ ದಿನ ನಗಲಿಲ್ಲ.

ಆರೈಕೆ ಮನೆ ನೀನು ಅಂದುಕೊಂಡ ಹಾಗಿಲ್ಲ. ಅಲ್ಲಿ ಕಟ್ಟಡದ ಒಳಗಿನ ಓಣಿ ಸುತ್ತು ಹಾಕಿ ಹೊರಟಲ್ಲಿಗೇ ಬಂದು ಸೇರುತ್ತದೆ. ಎಷ್ಟು ನಡೆದರೂ ಗೋಡೆ ಎದುರಾಗುವುದಿಲ್ಲ, ಹಾಗಾಗಿ ಯಾರಿಗೂ ದಾರಿ ತಪ್ಪಿತು ಎನಿಸುವುದಿಲ್ಲ. ಕೋಣೆಗಳ ಬಾಗಿಲಿಗೆ ಬೇರೆ ಬೇರೆ ಬಣ್ಣ. ಹೆಸರು ಮರೆತವರಿಗೂ ಬಣ್ಣ ನೆನಪಿರುತ್ತದಂತೆ. ಅಮ್ಮನದು ಹಳದಿ ಬಾಗಿಲು. ಬೀರುವಿನ ಮೇಲೆ ಒಳಗೇನಿದೆ ಎಂದು ಚಿತ್ರ ಅಂಟಿಸಿದ್ದಾರೆ. ಅಮ್ಮ ಸೀರೆಯ ಚಿತ್ರವನ್ನು ಬೆರಳಿನಿಂದ ಸವರಿ, ಬಟ್ಟೆ ಚೆನ್ನಾಗಿಲ್ಲ ಎಂದಳು. ಇದನ್ನೆಲ್ಲ ಯಾರು ಯೋಚಿಸಿ ಮಾಡಿದರೋ ಎಂದು ನಾನು ಅರ್ಧ ದಿನ ಅಲ್ಲೇ ಓಡಾಡಿಕೊಂಡಿದ್ದೆ.

ಒಂದು ತಿಂಗಳು ನೋಡೋಣ ಎಂದಿದ್ದಾರೆ. ಒಗ್ಗಿಕೊಂಡರೆ ಅಲ್ಲೇ ಇರಬಹುದು. ಊಟ ಬಿಟ್ಟು ಸೊರಗಿದರೆ ಕರೆದುಕೊಂಡು ಹೋಗಬೇಕಾಗುತ್ತದೆ.

ಭಾನುವಾರ ಅವರ ನಂಬರಿಗೇ ಫೋನ್ ಮಾಡು.

ತಂಗಿ


ಜೂನ್ ೧೨

ಸೂಜಿ,

ನಿನ್ನ ಕಾಗದ ಬಂತು. ಚುಚ್ಚಿತು. ಸಣ್ಣವಳಿದ್ದಾಗ ನಿನಗೆ ಈ ಹೆಸರಿಟ್ಟದ್ದು ನೀನು ತೆಳ್ಳಗಿದ್ದೆ ಎಂದು. ಈಗ ನೋಡಿದರೆ ಇನ್ನೊಂದು ಕಾರಣವೂ ಇತ್ತು.

ಭಾನುವಾರ ಅಮ್ಮನ ಜೊತೆ ಮಾತಾಡಿದೆ. ಅಲ್ಲಿನ ದೊಡ್ಡ ನರ್ಸಮ್ಮ ಫೋನ್ ಅವಳ ಕೈಗೆ ಕೊಟ್ಟರು. ಅಮ್ಮನ ದನಿ ಗಂಟೆ ಹೊಡೆದ ಹಾಗಿತ್ತು. ಹೇಗಿದ್ದೀಯಮ್ಮ ಎಂದರೆ, ಚೆನ್ನಾಗಿದ್ದೀನಿ, ನೀವು ಹೇಗಿದ್ದೀರಿ ಎಂದು ಕೇಳಿದಳು. ನನಗೆ ಬಹುವಚನ ಹಾಕಿ ಕೀಟಲೆ ಮಾಡುವುದು ಅವಳಿಗೆ ಹೊಸದೇ? ಇಲ್ಲಿ ಪಂಪಿನ ಸದ್ದು ಜೋರಾಗಿತ್ತು. "ಸ್ವಲ್ಪ ಗಟ್ಟಿಯಾಗಿ ಹೇಳಿ, ಲೈನಿನಲ್ಲಿ ಗದ್ದಲ ಇದೆ" ಎಂದಳು. ನಾನು ಮಳೆ, ಕೆಲಸ, ನನ್ನ ಬೆನ್ನುನೋವು ಎಲ್ಲ ಹೇಳಿದೆ. ಒಂದೊಂದು ಮಾತಿಗೂ ಸರಿಯಾದ ಜಾಗದಲ್ಲಿ "ಹೌದಾ", "ಅಯ್ಯೋ", "ತಿಳೀತು". ಮರೆವು ಹತ್ತಿದವರು ಹೀಗೆ ಮಾತಾಡುತ್ತಾರೇನು? ನಮ್ಮ ಮೇಸ್ತ್ರಿಗಿಂತ ಅವಳ ತಲೆ ನೆಟ್ಟಗಿದೆ. ಅವನಿಗೆ ಒಂದೇ ಮಾತನ್ನು ನಾಲ್ಕು ಸಲ ಹೇಳಬೇಕು.

ಕೊನೆಯಲ್ಲಿ ದನಿ ತಗ್ಗಿಸಿ ಒಂದು ಮಾತು ಹೇಳಿದಳು. "ನಾನು ಮನೆಗೆ ಹೋಗ್ಬೇಕು. ಇನ್ನೂ ಯಾರೂ ಬಂದಿಲ್ಲ."

ಸೂಜಿ, ಅಷ್ಟು ಹತ್ತಿರ ಇದ್ದುಕೊಂಡು ನೀನು ಅಲ್ಲಿಗೆ ಹೋಗುವುದೇ ಇಲ್ಲವೇ? ಗ್ಯಾಸ್ ಆರಿಸುವುದನ್ನು ಮರೆತವರನ್ನೆಲ್ಲ ಹೀಗೆ ಸೇರಿಸುವುದಾದರೆ ನಮ್ಮ ಕ್ಯಾಂಪಿನ ಅಡುಗೆಯವನನ್ನು ಮೊದಲು ಸೇರಿಸಬೇಕು.

ನಾನು ರಜೆ ಕೇಳಿದ್ದೇನೆ. ಸಿಕ್ಕ ಕೂಡಲೇ ಬಂದು ಅವಳನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ. ನೀನು ಅಂಗಡಿ ನೋಡಿಕೋ.

ಅಣ್ಣ


ಜೂನ್ ೧೯

ಅಣ್ಣ,

ನೀನು ಫೋನ್ ಮಾಡಿದಾಗ ನಾನು ಅಮ್ಮನ ಪಕ್ಕದಲ್ಲೇ ಇದ್ದೆ. ನಾನು ಅಂಗಡಿ ಮುಚ್ಚಿ ದಿನಾ ಸಂಜೆ ಅಲ್ಲಿಗೇ ಹೋಗುತ್ತೇನೆ.

ಫೋನ್ ಇಟ್ಟ ಮೇಲೆ ಅವಳು ನನ್ನ ಹತ್ತಿರ ಏನು ಹೇಳಿದಳು ಎನ್ನುವುದನ್ನು ಬರೆಯುವುದಿಲ್ಲ. ಬರೆದರೆ ನಾನು ಕಟ್ಟಿ ಹೇಳುತ್ತಿದ್ದೇನೆ ಎನ್ನುತ್ತೀಯ. ನೀನೇ ಕಿವಿಯಾರೆ ಕೇಳು. ಮುಂದಿನ ಭಾನುವಾರ ಒಂದು ಕೆಲಸ ಮಾಡು. ಫೋನಿನಲ್ಲಿ ನೀನು ಏನೂ ಕೇಳಬೇಡ, ಏನೂ ಹೇಳಬೇಡ. ಹಲೋ ಎಂದು ಹೇಳಿ ಸುಮ್ಮನೆ ಇರು. ಹೆದರಿ ಇಟ್ಟುಬಿಡಬೇಡ. ಅವಳು ತಾನಾಗಿ ಏನು ಹೇಳುತ್ತಾಳೋ ಅಷ್ಟನ್ನೇ ಕೇಳಿಸಿಕೋ.

ಈಗ ನನ್ನನ್ನು ಕಾಡುತ್ತಿರುವ ವಿಷಯ. ಹಗಲು ಅಮ್ಮ ಚೆನ್ನಾಗಿಯೇ ಇರುತ್ತಾಳೆ. ಎಲ್ಲರ ಜೊತೆ ಓಣಿ ಸುತ್ತುತ್ತಾಳೆ. ಸಂಜೆ ದೀಪ ಹಾಕುತ್ತಿದ್ದ ಹಾಗೆ ಬೇರೆಯವಳಾಗಿಬಿಡುತ್ತಾಳೆ. ಓಣಿಯಲ್ಲಿ ಆಫೀಸಿನ ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಫೋನು, ಮುಂದೆ ಒಂದು ಕುರ್ಚಿ ಇದೆ. ಅದರಲ್ಲಿ ಹೋಗಿ ಕೂತರೆ ಮುಗಿಯಿತು, ಊಟಕ್ಕೆ ಕರೆದರೂ ಏಳುವುದಿಲ್ಲ, ಬಚ್ಚಲಿಗೆ ಕರೆದರೂ ಏಳುವುದಿಲ್ಲ. ಮನೆಗೆ ಹೋಗಬೇಕು ಎನ್ನುತ್ತಾಳೆ. ಸರಿ, ಹೋಗೋಣ ಬಾ ಎಂದು ಕೈ ಹಿಡಿದರೆ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಹೋಗಬೇಕು ಎನ್ನುವವಳು ಹೋಗಲು ಯಾಕೆ ಒಪ್ಪುವುದಿಲ್ಲ? ನಾನು ದಿನಾ ಇದನ್ನೇ ಯೋಚಿಸುತ್ತೇನೆ.

ನಿನಗೆ ಇಷ್ಟು ದಿನ ಹೇಳಿರಲಿಲ್ಲ. ನಮ್ಮ ಮನೆಯಲ್ಲಿದ್ದಾಗಲೂ ಸಂಜೆಯಾದರೆ ಹೀಗೇ ಮಾಡುತ್ತಿದ್ದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮನೆಗೆ ಹೋಗಬೇಕು ಎನ್ನುತ್ತಿದ್ದಳು. ಇದೇ ಮನೆ ಎಂದು ನಾನು ಗೋಡೆ ತಟ್ಟಿ ತೋರಿಸುತ್ತಿದ್ದೆ. ಹಾಗಾಗಿ ನೀನು ಬಂದು ಕರೆದುಕೊಂಡು ಹೋದರೂ ಅವಳು ಹೇಳುವ ಮನೆ ಸಿಗುವುದಿಲ್ಲ. ಅದು ಯಾವ ಮನೆ ಎಂದು ನನಗೂ ಗೊತ್ತಿಲ್ಲ.

ಯಾರು ಬರಬೇಕಮ್ಮ ಎಂದು ಕೇಳಿದೆ. "ಬರ್ತಾರೆ" ಎಂದಳು. ನಾನು ಬಂದಿದ್ದೀನಲ್ಲ ಎಂದೆ. ನನ್ನನ್ನು ಮರ್ಯಾದೆಯಿಂದ ನೋಡಿ, "ನೀವು ಬಂದಿದ್ದೀರಿ, ಸರಿ. ಆದ್ರೆ ಇನ್ನೂ ಯಾರೂ ಬಂದಿಲ್ಲ" ಎಂದಳು. ಅವಳು ಕಾಯುತ್ತಿರುವುದು ನಿನಗಾಗಿಯೇ ಇರಬೇಕು ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ತೂಕ ಇಳಿಯುತ್ತಿದೆ. ಹೀಗೇ ಊಟ ಬಿಟ್ಟರೆ ಒಂದೋ ಮಂಪರು ಬರುವ ಔಷಧಿ ಕೊಡಬೇಕು, ಇಲ್ಲವೇ ಇಲ್ಲಿಂದ ಕರೆದುಕೊಂಡು ಹೋಗಬೇಕು ಎಂದು ದೊಡ್ಡ ನರ್ಸಮ್ಮ ಹೇಳಿದ್ದಾರೆ. ಮನೆಗೆ ಬಂದರೆ ಹಗಲೆಲ್ಲ ಒಬ್ಬಳೇ ಬೀಗದೊಳಗೆ ಇರಬೇಕು. ಎರಡೂ ಬೇಡ ಎನ್ನುವುದು ನನ್ನ ಆಸೆ. ದಾರಿ ಕಾಣುತ್ತಿಲ್ಲ.

ತಂಗಿ


ಜೂನ್ ೨೭

ಸೂಜಿ,

ಹೇಳಿದ ಹಾಗೆ ಮಾಡಿದೆ. ಸಾಲಿನಲ್ಲಿದ್ದವರು ನಾನು ಫೋನ್ ಹಿಡಿದು ಕಲ್ಲಿನ ಹಾಗೆ ನಿಂತದ್ದನ್ನು ನೋಡಿ, ಬಾಯಿ ಬಿದ್ದುಹೋಯ್ತೇನೋ ಎಂದು ಗೇಲಿ ಮಾಡಿದರು.

ಮೊದಲು "ಹಲೋ, ಹೇಳಿ" ಎಂದಳು. ನಾನು ಸುಮ್ಮನಿದ್ದೆ. "ಕೇಳಿಸ್ತಾ ಇದೆಯಾ?" ಎಂದಳು. ಸುಮ್ಮನಿದ್ದೆ. ಅವಳಿಗೆ ಸಿಟ್ಟು ಬರಲಿಲ್ಲ. ಬಹಳ ಮೆತ್ತಗೆ, ಹೊಸಬರಿಗೆ ಧೈರ್ಯ ಹೇಳುವ ಹಾಗೆ ಕೇಳಿದಳು.

"ಗಾಬರಿ ಆಗ್ಬೇಡಿ. ಯಾವ ನಂಬರ್ ಬೇಕು, ನಿಧಾನವಾಗಿ ಹೇಳಿ."

ನಾನು ಫೋನ್ ಇಟ್ಟು ಹೊರಗೆ ಬಂದೆ.

ಅವಳು ನನ್ನನ್ನು ಒಂದು ಸಲವೂ ಮೊದಲಿನ ಹಾಗೆ ದೊಡ್ಡು ಎಂದು ಕರೆದಿರಲಿಲ್ಲ. ಹಿಂದಿನ ಭಾನುವಾರವೂ ಇಲ್ಲ, ಅದರ ಹಿಂದಿನದೂ ಇಲ್ಲ. ನನಗೆ ಅದು ಗೊತ್ತಾಗಿತ್ತು. ನಿನಗೆ ಬರೆದಿರಲಿಲ್ಲ.

ಇಷ್ಟೇ.

ಅಣ್ಣ


ಜೂನ್ ೨೯

ಸೂಜಿ,

ಹಿಂದಿನ ಕಾಗದದ ಬೆನ್ನಿಗೇ ಇದನ್ನು ಹಾಕುತ್ತಿದ್ದೇನೆ. ಯಾವುದು ಮೊದಲು ತಲುಪುತ್ತದೋ ಗೊತ್ತಿಲ್ಲ.

ನಿನ್ನೆ ಪಂಪಿನ ಹತ್ತಿರ ಕೂತಿದ್ದೆ. ನನ್ನ ಕೆಲಸ ನಿನಗೆ ಸರಿಯಾಗಿ ಹೇಳಿಯೇ ಇಲ್ಲ ಅನಿಸುತ್ತದೆ. ಬೆಟ್ಟದ ಹೊಟ್ಟೆಯೊಳಗೆ ಎಲ್ಲ ಕಡೆಯಿಂದಲೂ ನೀರು ಜಿನುಗುತ್ತದೆ. ಅದನ್ನು ಹೊರಗೆ ಹಾಕುವ ಪಂಪು ನನ್ನದು. ಅದು ನಿಂತರೆ ಮುಂದೆ ಕೊರೆಯುತ್ತಿರುವವರ ಮೊಣಕಾಲಿಗೆ ನೀರು ಬರುತ್ತದೆ. ನನ್ನ ಪಾಳಿ ಮುಗಿದರೂ, ಹೊಟ್ಟೆ ಹಸಿದರೂ, ಮುಂದಿನ ಪಾಳಿಯವನು ಬಂದು ಸ್ವಿಚ್ಚಿನ ಮೇಲೆ ಕೈ ಇಡುವ ತನಕ ನಾನು ಏಳುವಂತಿಲ್ಲ. ನಿನ್ನೆ ಅವನು ತಡ ಮಾಡಿದ. ಮೇಸ್ತ್ರಿ ಬಂದು, ನಡಿ ಹೋಗು, ಊಟ ಆರಿಹೋಗುತ್ತೆ ಎಂದ. ನಾನು ಬಾಯಿಬಿಟ್ಟು ಹೇಳಿದ ಮಾತು ನನ್ನ ಕಿವಿಗೇ ಬಿತ್ತು. "ಹೋಗಬೇಕು ಕಣಯ್ಯ. ಇನ್ನೂ ಯಾರೂ ಬಂದಿಲ್ಲ."

ಮೇಸ್ತ್ರಿ ಎದುರಿಗೇ ನಿಂತಿದ್ದ. ಆದರೂ ಯಾರೂ ಬಂದಿಲ್ಲ ಎಂದೆ.

ಸೂಜಿ, ಅವಳು ನನಗಾಗಿ ಕಾಯುತ್ತಿಲ್ಲ. ನಿನ್ನನ್ನು ದೂರುತ್ತಲೂ ಇಲ್ಲ. ಅವಳ ಪಾಳಿ ಮುಗಿದಿದೆ, ಅವಳ ಜಾಗದಲ್ಲಿ ಕೂರಲು ಯಾರೂ ಬಂದಿಲ್ಲ.

ನಿನಗೆ ಎಕ್ಸ್‌ಚೇಂಜ್ ಗೊತ್ತಿಲ್ಲ. ಶಾಲೆಗೆ ರಜೆ ಇದ್ದಾಗ ಅಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ನಾನು ಗೋಡೆಯ ಪಕ್ಕ ಕೂತು ನೋಡುತ್ತಿದ್ದೆ. ಉದ್ದಕ್ಕೆ ಬೋರ್ಡು, ಅದರ ತುಂಬ ತೂತುಗಳು, ಎದುರಿಗೆ ಸಾಲಾಗಿ ಕೂತ ಹೆಂಗಸರು. ಅಲ್ಲೂ ಇದೇ ಕಾನೂನು. ಒಂದು ಕುರ್ಚಿಯೂ ಕಣ್ಣು ಮಿಟುಕಿಸುವಷ್ಟು ಹೊತ್ತು ಖಾಲಿ ಇರಬಾರದು. ಯಾರ ಮನೆಗೆ ಬೆಂಕಿ ಬಿದ್ದಿರುತ್ತದೋ, ಯಾರಿಗೆ ಡಾಕ್ಟರು ಬೇಕಿರುತ್ತಾರೋ. ಸಂಜೆ ಪಾಳಿಯವಳು ಬಂದು "ಕೂತೆ" ಎನ್ನುತ್ತಿದ್ದಳು, ಅಮ್ಮ "ಎದ್ದೆ" ಎನ್ನುತ್ತಿದ್ದಳು. ಆಮೇಲೇ ನಾವು ಮನೆಗೆ ಹೊರಡುತ್ತಿದ್ದದ್ದು.

ಹೋಗಿ "ಕೂತೆ" ಎಂದು ಹೇಳಿ ನೋಡು.

ಅಣ್ಣ


ಜುಲೈ ೬

ಅಣ್ಣ,

ಎರಡೂ ಕಾಗದ ಒಟ್ಟಿಗೇ ಬಂದವು. ನಾನು ಆವತ್ತು ಬರೆಯದೆ ಬಿಟ್ಟದ್ದು ಇಷ್ಟೇ. ನೀನು ಫೋನ್ ಇಟ್ಟ ಮೇಲೆ ಯಾರಮ್ಮ ಅದು ಎಂದು ಕೇಳಿದೆ. "ಯಾರೋ ಪಾಪ, ಬೆನ್ನುನೋವಂತೆ. ಒಳ್ಳೆ ಮನುಷ್ಯ" ಎಂದಿದ್ದಳು. ಈಗ ಹೇಳಬಹುದು ಅನಿಸಿತು.

ಎರಡನೆಯ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಲೆನ್ಸ್ ಉಜ್ಜುವ ಯಂತ್ರವನ್ನು ಆರಿಸಿ ಮತ್ತೊಮ್ಮೆ ಓದಿದೆ. ಅಂಚು ಉಜ್ಜಿದ ಗಾಜು ಟಕ್ಕನೆ ಚೌಕಟ್ಟಿನಲ್ಲಿ ಕೂತಾಗ ಆಗುತ್ತದಲ್ಲ, ಹಾಗಾಯಿತು. ಆವತ್ತು ಸಂಜೆ ಓಡಿಕೊಂಡೇ ಹೋದೆ.

ಆಗಲಿಲ್ಲ ಅಣ್ಣ. ಅವಳ ಎದುರಿಗೆ ನಿಂತು "ಕೂತೆ" ಎಂದೆ. ಅಮ್ಮ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಎಲ್ಲಿ ಕೂತೆ? ನಿಂತಿದ್ದೀಯಲ್ಲ."

ದೊಡ್ಡ ನರ್ಸಮ್ಮ ಮುಖ ತಿರುಗಿಸಿಕೊಂಡು ನಕ್ಕರು. ನಾನು, ನೀವು ಎದ್ದರೆ ತಾನೇ ನಾನು ಕೂರುವುದು ಎಂದೆ. ಅಮ್ಮನಿಗೆ ನಿಜವಾಗಿ ಕೋಪ ಬಂತು. "ಹೊಸಬಳಾ ನೀನು? ಕುರ್ಚಿ ಖಾಲಿ ಬಿಡು ಅಂತೀಯಲ್ಲ, ಯಾರು ಕಳಿಸಿದ್ರು ನಿನ್ನ?" ಎಂದು ಬೈದಳು.

ಆದರೆ ಒಂದು ವಿಷಯ ಗಮನಿಸಿದೆಯಾ? ನನಗೆ ನೀನು ಎಂದಳು. ಇಷ್ಟು ದಿನ ನೀವು, ಮೇಡಂ ಎನ್ನುತ್ತಿದ್ದಳು. ಬೈಸಿಕೊಂಡರೂ ನನಗೆ ಅದೇ ದೊಡ್ಡದಾಗಿ ಕಂಡಿತು. ನನ್ನನ್ನು ಹೊರಗಿನವಳಲ್ಲ, ಕೆಲಸಕ್ಕೆ ಹೊಸದಾಗಿ ಬಂದವಳು ಎಂದುಕೊಂಡಿದ್ದಾಳೆ.

ನೀನು ನೋಡಿದ್ದನ್ನು ಸರಿಯಾಗಿ ನೆನಪು ಮಾಡಿಕೊಂಡು ಬರೆ. ಅವರು ಎಲ್ಲಿಂದ ಬರುತ್ತಿದ್ದರು? ಕೈ ಎಲ್ಲಿಡುತ್ತಿದ್ದರು? ಒಬ್ಬರು ಕೂತಿರುವ ಕುರ್ಚಿಯಲ್ಲಿ ಇನ್ನೊಬ್ಬರು ಹೇಗೆ ಕೂರುತ್ತಾರೆ? ದೊಡ್ಡ ನರ್ಸಮ್ಮನಿಗೂ ಈಗ ತಿಳಿದುಕೊಳ್ಳುವ ಹುಚ್ಚು ಹತ್ತಿದೆ. ತಿಂಗಳು ಮುಗಿದಿದೆ, ಇನ್ನು ಎರಡು ವಾರ ಔಷಧಿ ಕೊಡದೆ ನೋಡುತ್ತೇನೆ ಎಂದಿದ್ದಾರೆ. ಅದಕ್ಕಿಂತ ಹೆಚ್ಚು ಕಾಯಲು ಅಮ್ಮನ ಮೈಯಲ್ಲಿ ಕಸುವಿಲ್ಲವಂತೆ.

ತಂಗಿ


ಜುಲೈ ೧೨

ಸೂಜಿ,

ನಾನು ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡೆ. ಸಾಲದ್ದಕ್ಕೆ ಡೇರೆಯಲ್ಲಿ ಅಡುಗೆಯವನನ್ನು ಅಮ್ಮನ ಜಾಗದಲ್ಲಿ ಕೂರಿಸಿ ಮಾಡಿಯೂ ನೋಡಿದೆ. ಅವನು ದಪ್ಪ, ಕುರ್ಚಿ ಮುರಿಯಿತು. ಆದರೆ ವಿಷಯ ಸಿಕ್ಕಿತು.

ಎದುರಿನಿಂದ ಹೋಗಬೇಡ. ಎದುರಿಗೆ ಬೋರ್ಡು ಇರುತ್ತದೆ, ಅಲ್ಲಿಂದ ಮನುಷ್ಯರು ಬರುವುದಿಲ್ಲ. ಹಿಂದಿನಿಂದ ಹೋಗಿ ಕುರ್ಚಿಯ ಬೆನ್ನಿನ ಮೇಲೆ ಕೈ ಇಡು. ಭುಜ ಮುಟ್ಟಬೇಡ, ಮಾತಾಡುತ್ತಿರುವವರನ್ನು ಮುಟ್ಟುವಂತಿಲ್ಲ. ಅವಳು ತಾನೇ ಬಲಕ್ಕೆ ಸರಿಯುತ್ತಾಳೆ. ಎಡಗಡೆಯ ಅಂಚಿನಲ್ಲಿ ಅರ್ಧ ಕೂತುಕೋ. ಒಂದು ಗಳಿಗೆ ಒಂದೇ ಕುರ್ಚಿಯಲ್ಲಿ ಇಬ್ಬರೂ ಇರುತ್ತೀರಿ. ಆಗ "ಕೂತೆ" ಎನ್ನು. ಅವಳು ಲೈನಿನ ಮಾತು ಕೇಳಲು ತಲೆಗೆ ಹಾಕಿಕೊಂಡ ಕಿವಿಪಟ್ಟಿ ತೆಗೆದು ಕೊಡುತ್ತಾಳೆ. ತೆಗೆದುಕೊಂಡು ಹಾಕಿಕೋ. ಬಾಕಿ ಏನಿದೆ ಎಂದು ಹೇಳುತ್ತಾಳೆ, ಹೇಳಿ ಮುಗಿಸುವ ತನಕ ಅಲ್ಲಾಡಬೇಡ.

ಅಲ್ಲಿ ಕಿವಿಪಟ್ಟಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಡ. ಅವಳು ಕೊಟ್ಟರೆ ತಗೋ.

ಅಣ್ಣ


ಜುಲೈ ೨೦

ಅಣ್ಣ,

ಅಮ್ಮ ಊಟ ಮಾಡಿದಳು.

ಇದನ್ನು ಮೊದಲು ಬರೆದುಬಿಟ್ಟೆ. ಈಗ ನಿಧಾನವಾಗಿ ಹೇಳುತ್ತೇನೆ.

ಹಿಂದಿನಿಂದ ಹೋದೆ. ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟೆ. ತಿರುಗಿ ನೋಡಲೇ ಇಲ್ಲ, ನೀನು ಬರೆದ ಹಾಗೇ ಬಲಕ್ಕೆ ಸರಿದಳು. ನಾನು ಅರ್ಧ ಕೂತೆ. ಅವಳ ತೊಡೆ ನನ್ನ ತೊಡೆಗೆ ತಾಗುತ್ತಿತ್ತು. ಎಷ್ಟು ವರ್ಷಗಳಾದ ಮೇಲೆ ಅಷ್ಟು ಹತ್ತಿರ ಕೂತದ್ದೋ. "ಕೂತೆ" ಎಂದೆ. ಈ ಸಲ ಅವಳು ತಪ್ಪು ಹಿಡಿಯಲಿಲ್ಲ. ಎರಡೂ ಕೈ ಎತ್ತಿ ತಲೆಯ ಮೇಲಿಂದ ಏನನ್ನೋ ಬಿಚ್ಚಿದಳು, ಕೂದಲು ಸಿಕ್ಕಿಕೊಳ್ಳದ ಹಾಗೆ ಜೋಪಾನವಾಗಿ. ಬರಿಗೈಯನ್ನು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಂಡು ತಲೆಗೆ ಹಾಕಿಕೊಂಡೆ. "ಸ್ವಲ್ಪ ಬಿಗಿ ಮಾಡ್ಕೋ, ನಿನ್ನ ತಲೆ ಸಣ್ಣದು" ಎಂದಳು.

ಬಾಕಿ ಇದ್ದ ಕರೆಗಳನ್ನು ಹೇಳಿದಳು. ಆಸ್ಪತ್ರೆಯವರು ಒಂದು ನಂಬರ್ ಕೇಳಿದ್ದಾರೆ, ಇನ್ನೂ ಸಿಕ್ಕಿಲ್ಲ. ಮರದ ಡಿಪೋದವನು ಕೆಟ್ಟ ಮಾತಾಡಿದರೆ ಉತ್ತರ ಕೊಡಬೇಡ, ಲೈನ್ ಕಡಿದುಬಿಡು. ಆಮೇಲೆ "ಎದ್ದೆ" ಎಂದು ಎದ್ದಳು. ಸೊಂಟ ನೆಟ್ಟಗೆ ಮಾಡಿಕೊಂಡು, ಸೆರಗು ಸರಿಪಡಿಸಿಕೊಂಡು, ಓಣಿಯಲ್ಲಿ ನಡೆದು ಹಳದಿ ಬಾಗಿಲು ತೆಗೆದು ಒಳಗೆ ಹೋದಳು. ಕರೆದುಕೊಂಡು ಹೋಗಲು ಯಾರೂ ಬೇಕಾಗಲಿಲ್ಲ.

ಮನೆ ಅಂದರೆ ಯಾವುದು ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡಿದ್ದೆವು. ಕೆಲಸ ಮುಗಿಸಿ ಹೋಗುವ ಜಾಗ ಯಾವುದಾದರೂ ಸರಿ, ಅದೇ ಮನೆ ಎಂದು ಕಾಣುತ್ತದೆ.

ಮೊದಲ ದಿನ ನಾನು ಸಂತೋಷ ತಡೆಯಲಾರದೆ ಅವಳ ಹಿಂದೆಯೇ ಓಡಿದೆ. ಅವಳು ಬಾಗಿಲಿನಿಂದ ಇಣುಕಿದಳು, ಕುರ್ಚಿ ಖಾಲಿ ಇತ್ತು. ಆಮೇಲೆ ಆದ ರಂಪ ಕೇಳಬೇಡ. ಮತ್ತೆ ಬಂದು ಕೂತುಬಿಟ್ಟಳು, ಆ ಸಂಜೆ ಊಟ ಹೋಯಿತು. ಊಟ ಮಾಡಿದ್ದು ಮಾರನೆಯ ದಿನ. ಈಗ ಅವಳು ಮಲಗುವ ತನಕ ನಾನು ಕುರ್ಚಿ ಬಿಡುವುದಿಲ್ಲ. ಅಂಗಡಿಯಲ್ಲಿ ತಡವಾದ ದಿನ ನರ್ಸಮ್ಮನೇ ಕೂರುತ್ತಾರೆ. "ನನ್ನ ಕೆಲಸ ಯಾರು ಮಾಡ್ತಾರೆ ಅಂದ್ರೆ, ಅದಕ್ಕೂ ನಂಬರ್ ಹಚ್ಚಿ ಕೊಡ್ತೀನಿ ಅಂತಾರೆ ನಿಮ್ಮಮ್ಮ" ಎಂದು ನಗುತ್ತಾರೆ. ಅಮ್ಮ ಅಲ್ಲೇ ಇರಬಹುದು ಎಂದು ನಿನ್ನೆ ಹೇಳಿದರು. ಔಷಧಿ ಬೇಡವಂತೆ.

ಒಂದೇ ಒಂದು ಕೊರಗು. ಆ ಹಳದಿ ಬಾಗಿಲಿನ ಒಳಗೆ ಅವಳು ಹೇಗಿರುತ್ತಾಳೆ ಎಂದು ನನಗೆ ಕಾಣುವುದಿಲ್ಲ. ಊಟ ಒಯ್ಯುವವರು ಹೇಳಿದ್ದನ್ನಷ್ಟೇ ಕೇಳಿಸಿಕೊಳ್ಳುತ್ತೇನೆ. ಒಳಗೆ ಯಾರ ಜೊತೆಗೋ ಮಾತಾಡುತ್ತಾಳಂತೆ. ಏನು ಮಾತು ಎಂದು ಕೇಳಿದರೆ, ಮನೆ ಮಾತು ಎನ್ನುತ್ತಾರೆ. ಕುರ್ಚಿಯಲ್ಲಿ ಕೂತ ನನಗೆ ಅವಳ ಮನೆಗೆ ಹೋಗಲಾಗುವುದಿಲ್ಲ, ನಾನು ಹೋಗಬೇಕೆಂದರೆ ಕುರ್ಚಿಯಲ್ಲಿ ಇನ್ನೊಬ್ಬರು ಬೇಕು.

ರಜೆ ಸಿಕ್ಕಿದರೆ ಬಾ. ಅವಳನ್ನು ಕರೆದುಕೊಂಡು ಹೋಗಲು ಬರಬೇಡ. ಕೂರಲು ಬಾ.

ತಂಗಿ


ಜುಲೈ ೨೮

ಸೂಜಿ,

ರಜೆ ಸಿಕ್ಕಿದೆ. ಆಗಸ್ಟ್ ಐದರಂದು ಬೆಳಿಗ್ಗೆ ಬಂದು ಇಳಿಯುತ್ತೇನೆ.

ಗಡ್ಡ ತೆಗೆಯಲೋ ಬೇಡವೋ? ಎಕ್ಸ್‌ಚೇಂಜಿನಲ್ಲಿ ಗಂಡಸು ಆಪರೇಟರ್ ಇದ್ದದ್ದು ನನಗೆ ನೆನಪಿಲ್ಲ. ಒಪ್ಪುತ್ತಾಳಾ? ಅವಳು ಯಾರು ನೀನು ಎಂದರೆ ಮಗ ಎನ್ನಬೇಕೋ, ಸಂಜೆ ಪಾಳಿ ಎನ್ನಬೇಕೋ? ಸುರಂಗದಲ್ಲಿ ಹೆದರದವನು ಇದಕ್ಕೆ ಹೆದರುತ್ತಿದ್ದೇನೆ.

ಅಣ್ಣ


ಆಗಸ್ಟ್ ೧೬

ಅಣ್ಣ,

ನೀನು ಹೋದ ಮೇಲೆ ಬರೆಯಬೇಕು ಎಂದುಕೊಂಡು ದಿನ ತಳ್ಳಿದೆ. ಬಟ್ಟೆಗಳಲ್ಲಿ ಒಂದು ಅಂಗಿ ಬಿಟ್ಟುಹೋಗಿದ್ದೀಯ. ಒಗೆದು ಇಟ್ಟಿದ್ದೇನೆ.

ಕೊನೆಯ ಸಂಜೆ ನೀನು ಕುರ್ಚಿಯಲ್ಲಿ ಕೂತೆ. ಅಮ್ಮ ನಿನ್ನ ಗಡ್ಡ ನೋಡಿ, "ಈಗ ಗಂಡಸರನ್ನೂ ತಗೋತಾರಾ? ಒಳ್ಳೇದೇ ಆಯ್ತು, ಬೆನ್ನು ನೆಟ್ಟಗೆ ಇಟ್ಕೊಂಡು ಕೂತ್ಕೋ" ಎಂದದ್ದು ನಿನಗೆ ಗೊತ್ತೇ ಇದೆ. ಆಮೇಲೆ ನಾನು ಅವಳ ಹಿಂದೆ ಹಳದಿ ಬಾಗಿಲಿನ ಒಳಗೆ ಹೋದೆ. ಒಳಗೆ ಏನಾಯಿತು ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾರನೆಯ ದಿನ ರೈಲಿನ ಗಡಿಬಿಡಿ. ನಿನಗೆ ಬೇಜಾರಾಗಿರಬಹುದು. ಈಗ ಬರೆಯುತ್ತೇನೆ.

ಅವಳು ಒಳಗೆ ಹೋಗಿ ಚಪ್ಪಲಿ ಗೋಡೆಯ ಪಕ್ಕಕ್ಕೆ ಬಿಟ್ಟಳು. ಕೈಕಾಲು ತೊಳೆದಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ನನ್ನನ್ನು ನೋಡಿದಾಗ ಅವಳ ಮುಖ ಅರಳಿತು. ಒಂದು ಗಳಿಗೆ, ಗುರುತು ಸಿಕ್ಕಿತು ಎಂದುಕೊಂಡೆ ಅಣ್ಣ.

"ಅಯ್ಯೋ, ಇನ್ನೂ ಇದ್ದೀರಾ? ನಂದು ಇವತ್ತು ತಡ ಆಯ್ತು" ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪ ಹೋದ ಮೇಲೆ, ಅಮ್ಮ ಕೆಲಸದಿಂದ ಬರುವ ತನಕ ನಮ್ಮನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯವರು ನೆನಪಿದ್ದಾರಲ್ಲ? ಅವಳ ಕಣ್ಣಿಗೆ ನಾನು ಅವರಾಗಿದ್ದೆ.

ಪರವಾಗಿಲ್ಲ ಎಂದೆ.

ಮಕ್ಕಳು ತೊಂದರೆ ಕೊಟ್ಟರಾ ಎಂದು ಕೇಳಿದಳು. ಇಲ್ಲ ಎಂದೆ. ಮಂಚದ ಮೇಲೆ ಕೂತು ಪಾದ ಒತ್ತಿಕೊಳ್ಳುತ್ತಾ ಅವಳೇ ಮಾತಾಡತೊಡಗಿದಳು. ದೊಡ್ಡವನದು ಚಿಂತೆ ಇಲ್ಲ, ಹಸಿವಾದರೆ ಕೇಳುತ್ತಾನೆ, ನೋವಾದರೆ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಾನೆ ಎಂದಳು. ಇದನ್ನು ನಿನಗೆ ಆವತ್ತೇ ಹೇಳಬೇಕಿತ್ತು, ನೀನು ನಗುತ್ತಿದ್ದೆ. ಆಮೇಲೆ ದನಿ ತಗ್ಗಿಸಿದಳು.

"ಚಿಕ್ಕವಳದೇ ಯೋಚನೆ ನಂಗೆ. ಬಾಯೇ ಬಿಡಲ್ಲ. ಅವಳಿಗೆ ಸುಸ್ತಾಗಿದ್ರೂ ನಾವೇ ನೋಡಿ ತಿಳ್ಕೋಬೇಕು."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಳು ಎದ್ದು ಬಂದು ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ. ನನ್ನ ಬೆನ್ನಿನ ಮೇಲೆ ಕೈ ಇಟ್ಟಳು.

"ನೀವು ಬಹಳ ಹೊತ್ತು ನೋಡ್ಕೊಂಡ್ರಿ. ಸಾಕು, ಇನ್ನು ಹೊರಡಿ. ನಾನು ಬಂದಿದ್ದೀನಲ್ಲ."

ಬಾಗಿಲ ತನಕ ಬಂದು ಕಳಿಸಿಕೊಟ್ಟಳು.

ನಾನು ಓಣಿಗೆ ಬಂದಾಗ ನೀನು ಕುರ್ಚಿಯಿಂದ ತಲೆ ಎತ್ತಿ, ಏನಾಯ್ತೇ ಎನ್ನುವ ಹಾಗೆ ನೋಡಿದೆ. ನಾನು ನೇರವಾಗಿ ಹೊರಬಾಗಿಲು ದಾಟಿ, ಮೆಟ್ಟಿಲಿಳಿದು ರಸ್ತೆಗೆ ಹೋಗಿ ನಿಂತುಬಿಟ್ಟೆನಲ್ಲ, ನಿನಗೆ ಸಿಟ್ಟು ಬಂದಿದ್ದರೆ ತಪ್ಪಲ್ಲ. ನಾನು ಅಳುತ್ತಿರಲಿಲ್ಲ. ಬಸ್ಸುಗಳು ಹೋಗುತ್ತಿದ್ದವು, ಎದುರಿನ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ. ಎಲ್ಲಿಗೂ ಬೇಗ ಹೋಗಬೇಕಾಗಿಲ್ಲದೆ ರಸ್ತೆಯಲ್ಲಿ ನಿಂತು ಎಷ್ಟು ಕಾಲವಾಗಿತ್ತೋ. ಸುಮ್ಮನೆ ನಿಂತು ನೋಡಿದೆ.

ತಂಗಿ